ಮುಂಗೋಡೆ

ನಮ್ಮೂರಿನಲ್ಲಿ ಮಗುವಿಗೆ ಹಲ್ಲು ಮೂಡುವ ಹೊತ್ತಿಗೆ ಹಿತ್ತಿಲಿನಲ್ಲಿ ಕೋಣೆ ಏಳುತ್ತದೆ. ಯಾರೂ ಕಟ್ಟುವುದಿಲ್ಲ. ಮೊದಲು ನೆಲ ಒದ್ದೆಯಾಗಿ ಉಬ್ಬುತ್ತದೆ, ಹುತ್ತ ಏಳುವ ಹಾಗೆ. ಆಮೇಲೆ ಎಡಬಲದಲ್ಲಿ ಎರಡು ಗೂಡು, ನಡುವೆ ಮೈ ಓರೆ ಮಾಡಿಕೊಂಡು ದಾಟುವಷ್ಟು ಹಾದಿ, ತಳದಲ್ಲಿ ಮೊಣಕಾಲೆತ್ತರದ ಪುಟ್ಟ ಬಾಗಿಲುಗಳ ಒಂದು ಸಾಲು, ಅವಕ್ಕೆಲ್ಲ ಎದುರಾಗಿ ಒಂದು ಗೋಡೆ. ಆ ಗೋಡೆಗೆ ಮುಂಗೋಡೆ ಎನ್ನುತ್ತೇವೆ. ಮಗುವಿನ ತಲೆಯೊಳಗೆ ಹೇಗಿದೆಯೋ ಕೋಣೆಯೊಳಗೂ ಹಾಗೆ. ಹಬ್ಬಕ್ಕೆ ಸುಣ್ಣ ಬಳಿಯುತ್ತೇವೆ. ಒಳಗೆ ಈರುಳ್ಳಿ ಗೊಂಚಲು ತೂಗುಹಾಕಬಾರದು, ಕಸವನ್ನು ಒಳಮುಖವಾಗಿ ಗುಡಿಸಬಾರದು, ಮಗು ತನ್ನ ಕೋಣೆಗೆ ತಾನು ಕಾಲಿಡಬಾರದು. ಬೀದಿಯಲ್ಲಿ ಜಗಳ ಹತ್ತಿದರೆ "ಹೋಗೋ, ನಿನ್ನ ಕೋಣೆಗೆ ನಡುಹಾದಿಯೇ ಇರಲಿಲ್ಲವಂತೆ" ಎಂದು ಬೈದುಕೊಳ್ಳುತ್ತಾರೆ. ಮಕ್ಕಳು ಮೈನೆರೆಯುವ, ಮೀಸೆ ಮೂಡುವ ಕಾಲಕ್ಕೆ ಕೋಣೆಯ ಬಾಗಿಲು ತಾನಾಗಿ ಬೆಸೆದುಕೊಂಡು ಮನೆಯ ಗೋಡೆಯೊಂದಿಗೆ ಸೇರಿಹೋಗುತ್ತದೆ. ಆಮೇಲೆ ಒಳಗೇನಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ತಿಳಿಯದಿರುವುದೇ ಮರ್ಯಾದೆ ಎನ್ನುತ್ತಿದ್ದರು ನಮ್ಮತ್ತೆ.

ನನ್ನ ಮಗಳು ವಾರಿಜೆಯ ಕೋಣೆ ಎದ್ದಾಗ ಅತ್ತೆ ಒಳಗೆ ತಲೆ ಹಾಕಿ ನೋಡಿ, ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡರು. "ಇಷ್ಟೊಂದು ಕಿಟಕಿ ಯಾತಕ್ಕೇ ಪಂಕಜ? ಇದು ಕೋಣೆಯೋ ಪಾರಿವಾಳದ ಗೂಡೋ? ನಮ್ಮ ಕಡೆ ಯಾರಿಗೂ ಹೀಗಿಲ್ಲಮ್ಮ. ನಿಮ್ಮಪ್ಪನ ಮನೆ ಕಡೆಯದೇ ಇರಬೇಕು."

ನಮ್ಮಪ್ಪನ ಮನೆ ಕಡೆಯವರು ಕೇಳಿಸಿಕೊಳ್ಳುವವರು, ಅಷ್ಟೇ. ಊರ ನಡುವೆ ಇರುವ ಓದಿನ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಕಾವ್ಯ ಓದುತ್ತಾರೆ. ಒಬ್ಬರು ರಾಗವಾಗಿ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳುತ್ತಿದ್ದವರು ನಮ್ಮಪ್ಪ. ನಾನು ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ಆ ಮನೆಯ ಕಂಬಕ್ಕೆ ಒರಗಿ ಬೆಳೆದವಳು. ಅಕ್ಷರ ಕೂಡಿಸಿ ಓದಲು ಬರುವ ಮೊದಲೇ ಪದ್ಯಗಳು ನನ್ನೊಳಗೆ ಬಂದು ಕೂತಿದ್ದವು. ಯಾವ ಸಾಲಿನಲ್ಲಿ ಓದುವವರು ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಮಾತಿಗೆ ಮುದುಕಿಯರು ಮೂಗು ಒರೆಸಿಕೊಳ್ಳುತ್ತಾರೆ, ಎಲ್ಲ ಗೊತ್ತು. ದೇವರ ಮುಂದೆ ಕೂತು ನಾನು ಏನನ್ನೂ ಬೇಡಿದವಳಲ್ಲ. ಕೇಳುತ್ತ ಕೂತರೆ ಅದೇ ಆಯಿತು ಎಂದು ಅಪ್ಪ ಹೇಳಿಕೊಟ್ಟಿದ್ದರು. ಮದುವೆಯಾದದ್ದೂ ಅಲ್ಲಿಗೇ ಸೇರಿದವರನ್ನು. ಓದುವ ನರಹರಯ್ಯನವರ ಪಕ್ಕದಲ್ಲಿ ಕೂತು ಶ್ರುತಿಪೆಟ್ಟಿಗೆ ಒತ್ತುವವರು ನನ್ನ ಯಜಮಾನರು, ಶೇಷಗಿರಿ.

ಇಂಥ ಮನೆಯಲ್ಲಿ ವಾರಿ ಹುಟ್ಟಿದಳು. ಕರಿಬೇವು ಕಿತ್ತುಕೊಂಡು ಬಾ ಎಂದು ಕಳಿಸಿದರೆ ಅಳಿಲು ಬಿಟ್ಟುಹೋದ ಮಾವಿನ ಓಟೆ ಹಿಡಿದುಕೊಂಡು ಬರುವಳು. ಒಗ್ಗರಣೆ ಸೀದುಹೋಗಿರುತ್ತಿತ್ತು. ತಲೆ ಬಾಚಲು ಕೂರಿಸಿದರೆ ಒಂದು ಜಡೆ ಮುಗಿಯುವುದರೊಳಗೆ ಎದ್ದು, ಇನ್ನೊಂದು ಕಡೆ ಕೂದಲು ಹಾರಿಸಿಕೊಂಡೇ ಬೀದಿ ಸೇರುವಳು. ಕೂಗಿದರೆ ಕೇಳದು. ಕೇಳಿದ ಮೇಲೆ "ಅಯ್ಯೋ, ಅಮ್ಮ ಕರೀತಿದ್ದಾಳೆ" ಎಂದು ತಾನೇ ಬೆಚ್ಚಿಬೀಳುವಳು. ಇದಕ್ಕೆಲ್ಲ ನಾವು ನಗುತ್ತಿದ್ದೆವು. ಆಮೇಲೆ ಅವಳು ಕಣ್ಣು ಮಿಟುಕಿಸಲು ಶುರು ಮಾಡಿದಳು, ಧೂಳು ಬಿದ್ದವರ ಹಾಗೆ. ಬಾಣಂತಿಯ ಎದೆಹಾಲನ್ನು ಕಣ್ಣಿಗೆ ಬಿಡಿಸಿ ಎಂದರು, ಬಿಡಿಸಿದೆವು. ಕಣ್ಣು ಬಿಟ್ಟು ಕತ್ತಿಗೆ ಬಂತು. ಕತ್ತನ್ನು ಪಕ್ಕಕ್ಕೆ ಎಸೆಯುವಳು, ಯಾರೋ ಜಡೆ ಹಿಡಿದು ಜಗ್ಗಿದಂತೆ. ಮರುವರ್ಷ ಗಂಟಲಿನಿಂದ ಒಂದು ಸದ್ದು ಹೊರಟಿತು: ಹುಕ್. ಮತ್ತೆ ಹುಕ್. ಅವಳಿಗೆ ಅದು ಬಂದಾಗಲೆಲ್ಲ ಹಿತ್ತಿಲಿನ ಕೋಣೆಯೊಳಗೆ ಯಾವುದೋ ಒಂದು ಪುಟ್ಟ ಬಾಗಿಲು ತೆರೆದು ದಬ್ ಎಂದು ಬೀಳುತ್ತಿತ್ತು.

"ಯಾಕೆ ಮಗಳೇ ಹಾಗೆ ಮಾಡ್ತೀಯ?" ಎಂದು ಕೇಳಿದೆ ಒಮ್ಮೆ, ಬೈಯದೆ.

"ನಾನು ಮಾಡಲ್ಲಮ್ಮ. ಸೀನು ಬರುತ್ತಲ್ಲ, ಹಾಗೆ. ಆದರೆ ಕತ್ತಿನಲ್ಲಿ ಬರುತ್ತೆ."

"ತಡೆಯೋಕಾಗಲ್ವಾ?"

"ತಡೀಬಹುದು." ಯೋಚಿಸಿ ಹೇಳಿದಳು. "ಆಮೇಲೆ ಅದು ನೆಂಟರನ್ನ ಕರಕೊಂಡು ಬರುತ್ತೆ."

ಎಂಟನೆಯ ವರ್ಷಕ್ಕೆ ಕಾಲಿಟ್ಟ ಮಗು ಓದಿನ ಮನೆಯಲ್ಲಿ ಮುಂದಿನ ಸಾಲಿನ ಮಣೆಯ ಮೇಲೆ ಒಂದು ಸಂಧಿ ಪೂರ್ತಿ ಸದ್ದಿಲ್ಲದೆ ಕೂರಬೇಕು. ಕೂತರೆ ಊರಿನವರು ಅಕ್ಷತೆ ಹಾಕುತ್ತಾರೆ. ಕೂರಲಾಗದಿದ್ದರೆ ಕೋಣೆ ತಿದ್ದಿಸುತ್ತಾರೆ. ತಿದ್ದುವವರು ಗಾರೆ ಚೌಡಪ್ಪನವರು. ಕೆಟ್ಟವರಲ್ಲ. ಬಾಯಲ್ಲಿ ಸದಾ ಲವಂಗ, ಮಕ್ಕಳಿಗೆ ಕೊಡಲು ಜೇಬಿನಲ್ಲಿ ಸದಾ ಕಡಲೆಮಿಠಾಯಿ. ಆದರೆ ಅವರು ಉಳಿ ಸುತ್ತಿಟ್ಟ ಚೀಲ ಹೊತ್ತು ಬೀದಿಗೆ ಬಂದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ವಾರಿಗೆ ಹಸಿರು ಲಂಗ ತೊಡಿಸಿ ಮಣೆಯ ಮೇಲೆ ಕೂರಿಸಿದೆವು. ವೇದಿಕೆಯ ಮೇಲಿನಿಂದ ಯಜಮಾನರು ಅವಳನ್ನೇ ನೋಡುತ್ತ ಶ್ರುತಿಪೆಟ್ಟಿಗೆ ಒತ್ತುತ್ತಿದ್ದರು. ಅವತ್ತು ತಾಯಿ ಮಗನನ್ನು ಕಾಡಿಗೆ ಕಳಿಸುವ ಭಾಗ. ನರಹರಯ್ಯನವರ ಗಂಟಲು ತುಂಬಿ ಬರುವ ಭಾಗ. ನನ್ನ ಮಗಳು ಲಂಗದ ನೆರಿಗೆಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ಕೂತಿದ್ದಳು. ಅವಳ ಹಣೆಯಲ್ಲಿ ಬೆವರು ಕಾಣುತ್ತಿತ್ತು. ಕೂತಳು. ಕೂತೇ ಇದ್ದಳು. ಹಿಂದೆ ಕೂತ ಮುದುಕಿಯರು "ಪರವಾಗಿಲ್ಲ ಕಣೇ" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಮಂಗಳಕ್ಕೆ ಇನ್ನೊಂದೇ ಪದ್ಯ ಇತ್ತು. ಆಗ ಕತ್ತು ಹಾರಿತು, ಮಣೆ ಅಲುಗಿತು, ಗಂಟಲಿನಿಂದ ಹುಕ್ ಹುಕ್ ಹುಕ್ ಎಂದು ಸಾಲಾಗಿ ಹೊರಟು ಕೊನೆಯದು ಚೀತ್ಕಾರವಾಗಿ ಮೇಲಿನ ತೊಲೆಗೆ ಬಡಿಯಿತು. ನರಹರಯ್ಯನವರಿಗೆ ಪದ್ಯ ತಪ್ಪಿತು. ಅವರಿಗೆ ಪದ್ಯ ತಪ್ಪಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವರು ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಹೋದರು. ಮಂಗಳವಿಲ್ಲದೆ ಜನ ಚದುರಿದರು.

ಮರುದಿನ ಊರ ಹಿರಿಯರು ಹೇಳಿ ಕಳಿಸಿದರು. ಕೋಣೆ ತಿದ್ದಿಸಬೇಕು. ಅಲ್ಲಿಯವರೆಗೆ ಹುಡುಗಿ ಓದಿಗೆ ಬರಲಿ, ತಪ್ಪಿಸುವುದು ಬೇಡ, ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕೂರಲಿ. ಇನ್ನೊಮ್ಮೆ ಸದ್ದಾದರೆ ಅವತ್ತೇ ತಿದ್ದುವುದು.

ಚೌಡಪ್ಪನವರು ಬೆಳಗಿನ ಜಾವ ಬಂದರು. ಕೋಣೆ ನೋಡುವುದು ಮಗು ನಿದ್ದೆಯಲ್ಲಿದ್ದಾಗ ಮಾತ್ರ. ಎಚ್ಚರವಿರುವ ಮಗುವಿನ ಕೋಣೆ ನಿಲ್ಲುವುದಿಲ್ಲ, ಬಾಗಿಲು ಬಡಿಯುತ್ತದೆ, ಕಿಟಕಿ ಅಲುಗುತ್ತದೆ, ಅಳತೆ ಸಿಗುವುದಿಲ್ಲ. ಅವರು ನೂಲು ಹಿಡಿದು ಅಳೆದರು. ಬೆರಳ ಗೆಣ್ಣಿನಿಂದ ಮುಂಗೋಡೆಯನ್ನು ತಟ್ಟಿ ಕಿವಿಗೊಟ್ಟರು.

"ಇಲ್ಲಿದೆ ನೋಡು ತಾಯಿ ಕಾಯಿಲೆ. ಗೋಡೆ ಹೊಟ್ಟೆ ಬಿಟ್ಟಿದೆ. ಬೇರೆ ಮಕ್ಕಳದ್ದು ಗೇಣು ದಪ್ಪ, ಇದು ಒಂದೂವರೆ ಗೇಣು. ಈ ಥರ ಸದ್ದು ಮಾಡೋ ಮಕ್ಕಳದ್ದೆಲ್ಲ ಹೀಗೇ, ನಾನು ಕಂಡಿದ್ದೀನಲ್ಲ. ಗೋಡೆ ಬಂದು ಬಾಗಿಲುಗಳನ್ನ ಒತ್ತುತ್ತೆ, ಬಾಗಿಲು ತಿರುಗಿ ಒದೆಯುತ್ತೆ. ಉಬ್ಬಿದ್ದನ್ನ ಕೆತ್ತಿ ತೆಗೆದರೆ ಸಲೀಸು."

"ನೋವಾಗುತ್ತಾ ಅವಳಿಗೆ?"

"ನಿದ್ದೆಯಲ್ಲಿ ಏನು ನೋವು? ಹಿಂದಿನ ಸಂಜೆ ಗಸಗಸೆ ಪಾಯಸ ಮಾಡಿ ಚೆನ್ನಾಗಿ ಕುಡಿಸು. ಅಮಾವಾಸ್ಯೆ ಕಳೆದು ಬರ್ತೀನಿ. ಅಲ್ಲಿವರೆಗೆ ದಿನಾ ಸಂಜೆ ಓದಿಗೆ ಹೋಗೋ ಮುಂಚೆ ಗೋಡೆಗೆ ನೀರು ಚಿಮುಕಿಸಿ ನೆನೆಸಿಡು. ಒಣಗೋಡೆ ಉಳಿಗೆ ಪುಡಿ ಆಗುತ್ತೆ. ನೆನೆದದ್ದು ಬೆಣ್ಣೆ ಬಂದ ಹಾಗೆ ಬರುತ್ತೆ."

ಯಜಮಾನರು ಕೈ ಮುಗಿದು ಅವರನ್ನು ಬೀದಿಯ ತಿರುವಿನವರೆಗೂ ಬಿಟ್ಟು ಬಂದರು.

ದಿನಾ ನೀರು ಹಾಕಿದೆ. ಒಂದು ಸಂಜೆ ತಡವಾಯಿತು. ಬಾವಿಯಿಂದ ಒಂದು ತಂಬಿಗೆ ತಾ ಎಂದು ವಾರಿಯನ್ನು ಕಳಿಸಿದ್ದೆ. ಅವಳು ಬಾವಿಯ ಕಟ್ಟೆಯ ಮೇಲೆ ಇರುವೆ ಸಾಲು ನೋಡುತ್ತ ತಂಬಿಗೆಯನ್ನು ಅಲ್ಲೇ ಮರೆತು, ಬರಿಗೈಯಲ್ಲಿ ಬಂದು "ಏನು ತರೋಕೆ ಹೇಳಿದ್ದೆ?" ಎಂದಳು. ಅತ್ತೆ ಗದರಿ, ಅವಳ ಕೈ ಹಿಡಿದುಕೊಂಡು ಓದಿನ ಮನೆಗೆ ಎಳೆದುಕೊಂಡು ಹೋದರು. ನಾನೇ ನೀರು ಸೇದಿ ತಂದು ಕೋಣೆಗೆ ಹೋಗುವಷ್ಟರಲ್ಲಿ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹೆರಿಗೆ ಮನೆ, ಸಾವಿನ ಮನೆ ಬಿಟ್ಟರೆ ಓದಿನ ಹೊತ್ತಿಗೆ ನಮ್ಮೂರಿನಲ್ಲಿ ಯಾರೂ ಮನೆಯಲ್ಲಿ ಇರುವುದಿಲ್ಲ. ದೂರದಿಂದ ನರಹರಯ್ಯನವರ ದನಿ ಏರಿತು. ಓದು ತಪ್ಪಿತಲ್ಲ ಎಂದು ಸಂಕಟಪಡುತ್ತ ಗೋಡೆಗೆ ಮೊದಲ ಬೊಗಸೆ ನೀರು ಎರಚಿದೆ.

ಕೆಳಗೆ ಒಂದು ಬಾಗಿಲು ಅಲುಗಿತು.

ಬೀಳಲಿಲ್ಲ. ತೆರೆಯಲು ನೋಡಿತು, ನಿಂತಿತು. ಪಕ್ಕದ್ದು ಅಲುಗಿತು. ನಾನು ಹೆದರಿ ಹಿಂದೆ ಸರಿದೆ. ಓದು ನಡೆಯುವಾಗ ಕೋಣೆಯೊಳಗೆ ಇರಬಾರದು ಎಂದು ಯಾರೂ ಹೇಳಿರಲಿಲ್ಲ, ಆದರೆ ಯಾರೂ ಇದ್ದದ್ದನ್ನು ಕೇಳಿರಲಿಲ್ಲ. ದನಿ ನಡುವಿನ ಪದ್ಯಗಳಿಗೆ ಬಂತು, ಉದ್ದುದ್ದ ಎಳೆಯುವ ಭಾಗ, ಮಕ್ಕಳಿಗೆ ಕೂರಲಾಗದ ಭಾಗ. ಬಾಗಿಲುಗಳು ಸಾಲಿಗೆ ಸಾಲೇ ನಡುಗತೊಡಗಿದವು, ಒಳಗಿನಿಂದ ಯಾರೋ ಭುಜ ಕೊಟ್ಟು ನೂಕುವ ಹಾಗೆ. ಆಗ ಮುಂಗೋಡೆ ಮುಂದಕ್ಕೆ ಬಂತು. ನನ್ನ ಕಣ್ಣ ಮುಂದೆಯೇ ಅದು ಬಾಗಿ, ಉಬ್ಬಿ, ಆ ಬಾಗಿಲುಗಳಿಗೆ ತನ್ನ ಮೈ ಒಡ್ಡಿತು. ಕೈಯಿಟ್ಟೆ. ಬೆಚ್ಚಗಿತ್ತು. ನಡುಗುತ್ತಿತ್ತು. ಮೈಯಿಂದ ನೀರು ಬಸಿಯುತ್ತಿತ್ತು, ನಾನು ಹಾಕಿದ ನೀರಲ್ಲ, ನಾನು ಎರಚಿದ್ದು ಒಂದೇ ಬೊಗಸೆ. ತುಟಿಗೆ ತಾಗಿದ್ದು ಉಪ್ಪಾಗಿತ್ತು.

ಮಂಗಳ ಮುಗಿಯುವವರೆಗೂ ಒಂದು ಬಾಗಿಲೂ ತೆರೆಯಲಿಲ್ಲ. ಅತ್ತೆ, ಯಜಮಾನರು, ವಾರಿ ಮನೆಗೆ ಬಂದರು. "ಇವತ್ತು ಒಂದು ಸದ್ದೂ ಮಾಡಲಿಲ್ಲ ಕಣೇ ನಿನ್ನ ಮಗಳು" ಎಂದು ಅತ್ತೆ ಹೇಳುತ್ತಿರುವಾಗಲೇ ವಾರಿ ಹಿತ್ತಿಲಿಗೆ ಓಡಿ ತೆಂಗಿನ ಬುಡಕ್ಕೆ ಒರಗಿ ಕತ್ತು ಎಸೆದಳು, ಎಸೆದಳು. ಕೋಣೆಯೊಳಗೆ ಬಾಗಿಲುಗಳು ಒಂದರ ಮೇಲೊಂದು ಬಡಿದುಕೊಂಡವು. ಗೋಡೆ ಸುಮ್ಮನೆ ನಿಂತಿತ್ತು, ಬೆಳಿಗ್ಗೆಗಿಂತ ಒಂದು ಎಳೆ ದಪ್ಪವಾಗಿ.

ಯಜಮಾನರಿಗೆ ಹೇಳಿದೆ. "ಗೋಡೆ ಒತ್ತುತ್ತಿಲ್ಲ ರೀ. ಹಿಡಿದುಕೊಂಡಿದೆ. ಅವಳು ತಡೆದಷ್ಟೂ ಅದು ಬೆಳೆದಿದೆ. ಅದನ್ನ ಕೆತ್ತಬಾರದು."

ಅವರು ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. "ಮಣ್ಣಿನ ಗೋಡೆಗೆ ದಿನಾ ನೀರು ಹಾಕಿದರೆ ಉಬ್ಬದೆ ಇನ್ನೇನು ಮಾಡುತ್ತೆ ಪಂಕಜ?"

"ಬೆಚ್ಚಗಿತ್ತು."

"ಇಡೀ ದಿನ ಬಿಸಿಲು ಬಿದ್ದಿತ್ತು." ದನಿ ತಗ್ಗಿಸಿದರು. "ನಿನಗೆ ಅವಳನ್ನ ಕಂಡರೆ ಮರುಕ. ನನಗಿಲ್ಲವಾ? ವೇದಿಕೆ ಮೇಲೆ ಕೂತು ಅವಳ ಮುಖ ನೋಡೋದು ನಾನು. ಆ ಪಾಡು ಅವಳಿಗೆ ಬೇಡ. ತಪ್ಪಲಿ ಒಂದು ಸಲಕ್ಕೆ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನೀರಿಗೆ ಮಣ್ಣು ಉಬ್ಬುತ್ತದೆ. ಬಿಸಿಲಿಗೆ ಗೋಡೆ ಬೆಚ್ಚಗಾಗುತ್ತದೆ. ನಾನು ಕಂಡದ್ದು ತಾಯಿಯ ಕಣ್ಣು ಕಂಡದ್ದು. ಗೋಡೆ ಕೆತ್ತಿಸದೆ ಬಿಟ್ಟು, ಅದೇ ಕಾಯಿಲೆಯಾಗಿದ್ದು, ಬೆಳೆದು ಬೆಳೆದು ಕೋಣೆಯನ್ನೇ ತುಂಬಿಬಿಟ್ಟರೆ? ಕೆತ್ತಿಸಿ, ಅದೇ ಅವಳ ಬಲವಾಗಿದ್ದರೆ? ಎರಡು ಕಡೆಯೂ ನನ್ನ ಮಗಳೇ ನಿಂತಿದ್ದಳು.

ಸಾಕಕ್ಕನ ಮನೆಗೆ ಹೋದೆ. ಅವರು ನಮ್ಮ ಹಿಂದಿನ ಬೀದಿಯವರು. ಅವರ ಮಗ ದಾಮುವಿನ ಗೋಡೆಯನ್ನು ಚೌಡಪ್ಪನವರು ಹಿಂದೆ ತಿದ್ದಿದ್ದರು. ಆಮೇಲೆ ಆ ಹುಡುಗನನ್ನು ಓದಿನ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಕಂಡವರು ಕಡಿಮೆ. ಕೇಳಿದರೆ ಸಾಕಕ್ಕ "ಚೆನ್ನಾಗಿದ್ದಾನೆ, ಮನೆಯಲ್ಲಿದ್ದಾನೆ" ಎನ್ನುತ್ತಿದ್ದರು. ನಾನು ಹೋದಾಗ ಅವರು ಮೊರದಲ್ಲಿ ಅವರೆಕಾಳು ಹಿದುಕುತ್ತಿದ್ದರು. ಒಳಗಿನಿಂದ ಸದ್ದು ಬರುತ್ತಿತ್ತು. ಗೋಡೆಗೆ ಏನೋ ಬಡಿಯುವ ಸದ್ದು, ಮೆತ್ತಗೆ, ಬಿಡದೆ.

"ತಲೆದಿಂಬು ಕಟ್ಟಿದ್ದೀನಿ ಗೋಡೆಗೆ" ಎಂದರು ನಾನು ಕೇಳುವ ಮೊದಲೇ. "ಪೆಟ್ಟಾಗಲ್ಲ."

"ಮೊದಲೂ ಹೀಗೇ ಇತ್ತಾ ಸಾಕಕ್ಕ?"

ಅವರು ಕಾಳು ಹಿದುಕುವುದನ್ನು ನಿಲ್ಲಿಸಲಿಲ್ಲ. "ಮೊದಲು ತಡ್ಕೊಳ್ತಿದ್ದ. ನೆಂಟರು ಬಂದರೆ, ಊಟದ ಪಂಕ್ತಿಯಲ್ಲಿ, ಓದಿನ ಹೊತ್ತಲ್ಲಿ ಅರ್ಧದವರೆಗಾದರೂ. ಆಮೇಲೆ ಬಂದು ತಡೆದದ್ದನ್ನೆಲ್ಲ ಹಿತ್ತಿಲಲ್ಲಿ ಹೊರಹಾಕ್ತಿದ್ದ. ಈಗ ತಡೆಯೋದೇ ಇಲ್ಲ. ತಡೆಯೋಕೆ ಒಳಗೆ ಏನೂ ಇಲ್ಲ ಅಂತಾನೆ, ಸಾಕಮ್ಮ ಅಂತ ನನ್ನ ಹೆಸರು ಹಿಡಿದೇ ಕೂಗಿ ಹೇಳ್ತಾನೆ."

"ಚೌಡಪ್ಪಣ್ಣನಿಗೆ ಹೇಳಲಿಲ್ವಾ?"

"ಅವರು ಬಂದು ನೋಡಿದರು. ನಿದ್ದೆ ಮಾಡ್ತಿದ್ದ. ಬಾಗಿಲೆಲ್ಲ ಶಾಂತವಾಗಿದೆ, ಗೋಡೆ ನುಣ್ಣಗಿದೆ, ಕೆಲಸ ಚೆನ್ನಾಗಿ ಬಂದಿದೆ ಅಂದರು." ಸಿಪ್ಪೆಯನ್ನು ಸೆರಗಿನಿಂದ ಕೊಡವಿದರು. "ಯಾರನ್ನೂ ದೂರಬೇಡ ಪಂಕಜ. ನಾನೇ ನೀರು ಹಾಕಿ ನೆನೆಸಿಕೊಟ್ಟೆ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಕಾಲಡಿಯ ನೆಲವೂ ಯಾರದೋ ಕೋಣೆಯ ನೆಲ ಎನಿಸುತ್ತಿತ್ತು. ಯಜಮಾನರಿಗೆ ಮತ್ತೆ ಹೇಳಿದೆ. ಅವರು ಕಿವಿ ಮುಚ್ಚಿಕೊಳ್ಳಲಿಲ್ಲ, ಆದರೆ "ದಾಮುವಿನ ಕಥೆ ಬೇರೆ, ಅವನು ಹುಟ್ಟಿದಾಗಿನಿಂದಲೇ ಹಾಗೆ" ಎಂದರು. ಹಿರಿಯರ ಮಾತು ಮೀರಿದರೆ ಶ್ರುತಿಪೆಟ್ಟಿಗೆ ಇನ್ನೊಬ್ಬರ ಕೈಗೆ ಹೋಗುತ್ತದೆ, ನಮಗೆ ಓದಿನ ಮನೆಯ ಬಾಗಿಲು ಮುಚ್ಚುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಕಂಬ, ಆ ದನಿ ಇಲ್ಲದ ಸಂಜೆ ಹೇಗಿರುತ್ತದೆ ಎಂದು ನನಗೂ ಊಹಿಸಲಾಗಲಿಲ್ಲ.

ಅಮಾವಾಸ್ಯೆ ಕಳೆಯಿತು. ನಾಳೆ ಬರುತ್ತೇನೆಂದು ಚೌಡಪ್ಪನವರು ಹೇಳಿ ಕಳಿಸಿದರು. ಸಂಜೆ ಪಾಯಸಕ್ಕೆ ಕೂತೆ. ಒರಳಿನಲ್ಲಿ ಅಕ್ಕಿ, ಕಾಯಿತುರಿ, ಏಲಕ್ಕಿ ಹಾಕಿ ರುಬ್ಬಿದೆ. ಗಸಗಸೆಯ ಡಬ್ಬಿ ತೆಗೆದು, ಮುಚ್ಚಳ ತೆರೆದು, ನೋಡಿ, ಮುಚ್ಚಿ ಮೇಲಿಟ್ಟೆ. ಬೆಲ್ಲ ಕುದಿಯುವಾಗ ಅತ್ತೆ ಬಂದರು. ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದರು. ಅರವತ್ತು ವರ್ಷ ಅಡುಗೆಮನೆಯಲ್ಲಿ ಕಳೆದವರಿಗೆ ಗಸಗಸೆ ಇದೆಯೋ ಇಲ್ಲವೋ ನಾಲಿಗೆ ಹೇಳುತ್ತದೆ.

"ಬೆಲ್ಲ ಸ್ವಲ್ಪ ಮುಂದಾಯಿತು" ಎಂದರು ಅತ್ತೆ. ಲೋಟಕ್ಕೆ ಬಗ್ಗಿಸಿ ತಾವೇ ತೆಗೆದುಕೊಂಡು ಹೋಗಿ "ಬಾರೇ ಪಾರಿವಾಳ, ಕುಡಿ" ಎಂದು ಮೊಮ್ಮಗಳನ್ನು ಕರೆದರು. ಹೊಸಿಲು ದಾಟುವಾಗ ನನ್ನ ಕಡೆ ತಿರುಗದೆ ಹೇಳಿದರು, "ನನ್ನ ತಮ್ಮನ ಗೋಡೆನೂ ಕೆತ್ತಿದ್ದರು." ಅವರಿಗೆ ತಮ್ಮ ಇದ್ದದ್ದೇ ನನಗೆ ಗೊತ್ತಿರಲಿಲ್ಲ.

ಬೆಳಕು ಹರಿಯುತ್ತಿರುವಾಗ ಚೌಡಪ್ಪನವರು ಚೀಲ ಹೊತ್ತು ಬಂದರು. "ಮಲಗಿದ್ದಾಳಾ?" "ಮಲಗಿದ್ದಾಳೆ" ಎಂದರು ಅತ್ತೆ. ಯಜಮಾನರು ಲಾಂದ್ರ ಹಿಡಿದು ಅವರ ಹಿಂದೆ ಕೋಣೆಯೊಳಗೆ ಹೋದರು, ನಾನು ಹೊಸಿಲಲ್ಲಿ ನಿಂತೆ. ಒಳಗೆ ಎಲ್ಲ ನಿಶ್ಶಬ್ದ. ಬಾಗಿಲುಗಳು ನಿದ್ದೆ ಹೋಗಿದ್ದವು. ಚೌಡಪ್ಪನವರು ಲವಂಗ ಅಗಿಯುತ್ತ, ಗೋಡೆಯ ಉಬ್ಬಿನ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಗೆರೆಯ ಮೇಲೆ ಉಳಿಯಿಟ್ಟು, ಕೊಡತಿ ಎತ್ತುವ ಮೊದಲು ಕಣ್ಣು ಮುಚ್ಚಿ ದೇವರನ್ನು ನೆನೆದರು.

ನಾನು ಮಲಗುವ ಕೋಣೆಗೆ ಓಡಿ ವಾರಿಯ ಭುಜ ಅಲುಗಿಸಿದೆ. "ಏಳು ಮಗಳೇ, ಏಳು, ಬೇಗ."

ಎದ್ದಳು. ನಿದ್ದೆಗಣ್ಣಿನಲ್ಲೇ ಕತ್ತು ಹಾರಿತು. ಹಿತ್ತಿಲಿನಿಂದ ಬಾಗಿಲು ಬಡಿದ ಸದ್ದಿನ ಜೊತೆಗೆ ಚೌಡಪ್ಪನವರ ಕೂಗು ಕೇಳಿಸಿತು. ಅವಳನ್ನು ಎತ್ತಿಕೊಂಡು ಹೋಗಿ ಕೋಣೆಯ ಹೊಸಿಲಲ್ಲಿ ನಿಲ್ಲಿಸಿದೆ.

"ಎಚ್ಚರ ಮಾಡಿಬಿಟ್ಟೆಯಾ ತಾಯಿ! ತಲೆಗಿಲೆ ಕೆಟ್ಟಿದೆಯಾ ನಿನಗೆ? ಉಳಿ ಜಾರಿದ್ದರೆ?" ಚೌಡಪ್ಪನವರು ಉಳಿಯನ್ನು ಗೋಡೆಯಿಂದ ತೆಗೆದರು.

"ಪಂಕಜ, ಒಳಗೆ ಕರ್ಕೊಂಡು ಹೋಗು ಅವಳನ್ನ" ಎಂದರು ಯಜಮಾನರು. ಅವರು ಅಂಥ ದನಿಯಲ್ಲಿ ನನ್ನೊಂದಿಗೆ ಮಾತಾಡಿದ್ದೇ ಇಲ್ಲ.

"ಚೌಡಪ್ಪಣ್ಣ, ಗೋಡೆ ಮೇಲೆ ಕೈ ಇಡಿ. ಆಮೇಲೂ ಕೆತ್ತಬೇಕು ಅನಿಸಿದರೆ ಕೆತ್ತಿ, ನಾನು ಒಂದು ಮಾತು ಆಡಲ್ಲ. ರೀ, ನೀವೂ ಇಡಿ." ಮಗಳ ಕಿವಿಗೆ ಬಾಗಿದೆ. "ವಾರಿ, ತಡೆ ಮಗಳೇ. ಓದಿನ ಮನೆಯಲ್ಲಿ ತಡೆಯೋ ಹಾಗೆ."

"ಎಷ್ಟು ಹೊತ್ತು?"

"ಸ್ವಲ್ಪ."

ಅವಳು ಲಂಗದ ನೆರಿಗೆ ಹಿಡಿದಳು. ಬಾಗಿಲುಗಳು ಅಲುಗಿದವು. ಒಂದು, ಪಕ್ಕದ್ದು, ಆಮೇಲೆ ಸಾಲಿಗೆ ಸಾಲೇ. ಚೌಡಪ್ಪನವರು ಅಸಡ್ಡೆಯಿಂದ ಗೋಡೆಯ ಮೇಲೆ ಒಂದು ಅಂಗೈ ಇಟ್ಟಿದ್ದರು. ಅವರ ದವಡೆ ಲವಂಗ ಅಗಿಯುವುದನ್ನು ನಿಲ್ಲಿಸಿತು. ಗೋಡೆ ಅವರ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ಮುಂದೆ ಬಂತು. ಅವರೇ ಎಳೆದ ಸುಣ್ಣದ ಗೆರೆ ಬಿಲ್ಲಿನ ಹಾಗೆ ಬಾಗಿತು. ಯಜಮಾನರು ಲಾಂದ್ರ ಕೆಳಗಿಟ್ಟು ಎರಡೂ ಕೈಯಿಟ್ಟರು. ದಿನಾ ಸಂಜೆ ಶ್ರುತಿಪೆಟ್ಟಿಗೆಯ ಉಸಿರನ್ನು ಅಂಗೈಯಲ್ಲಿ ತಿಳಿಯುವವರು ಅವರು. ಅವರಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಅವರ ಮುಖ ಮುದುಡಿತು.

"ಇದು ಹಿಡಿತಾ ಇದೆ" ಎಂದರು ಚೌಡಪ್ಪನವರು, ಯಾರಿಗೂ ಅಲ್ಲ. ಉಳಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವರು ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತರು. ಬಾಯಿ ಅಲುಗುತ್ತಿತ್ತು. ದೇವರ ಹೆಸರು ಎಂದುಕೊಂಡೆ. ಕಿವಿಗೊಟ್ಟರೆ ಮಕ್ಕಳ ಹೆಸರುಗಳು. ದಾಮು, ಎನ್ನುತ್ತಿದ್ದರು. ಇನ್ನಾರದೋ ಹೆಸರು. ಇನ್ನೂ ಒಂದು.

"ಅಮ್ಮಾ" ಎಂದಳು ವಾರಿ. ಅವಳ ಕತ್ತಿನ ನರ ಬಿಗಿದಿತ್ತು. ಮುಖ ಕೆಂಪೇರಿ, ಕಣ್ಣಿನಿಂದ ನೀರು ಸುರಿಯುತ್ತಿತ್ತು. "ಅಮ್ಮಾ, ಇನ್ನು ಬಿಡಲಾ? ಯಾವಾಗ ಬಿಡೋದು?"

ಅವಳ ಹುಟ್ಟಿನಿಂದ ಆ ಮಾತನ್ನು ನಮ್ಮಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ತಡೆ ಎಂದಿದ್ದೆವು. ಇನ್ನು ಸ್ವಲ್ಪ ಎಂದಿದ್ದೆವು. ಮೇಲೆ ಸೂರಿನ ಮಣ್ಣು ಉದುರುತ್ತಿತ್ತು. ಈ ಸಾಲು ಪೂರ್ತಿ ಒಮ್ಮೆಗೇ ತೆರೆದರೆ ಏನಾಗುತ್ತದೋ ನನಗೆ ತಿಳಿಯದು. ಚೌಡಪ್ಪನವರು ಎದ್ದು "ಬೇಡ, ಒಳಗೆ ಜನ ಇದ್ದೀವಿ" ಎಂದು ಬಾಗಿಲಿಗೆ ಓಡಿದರು.

"ಬಿಡು ಮಗಳೇ" ಎಂದು ಒಳಗೆ ಹೋಗಿ ನಾನೂ ಗೋಡೆಗೆ ಕೈಯಿಟ್ಟೆ.

ಬಾಗಿಲುಗಳೆಲ್ಲ ತೆರೆದವು. ಆ ಸದ್ದನ್ನು ಹೇಳಲು ನನಗೆ ಬರುವುದಿಲ್ಲ. ಲಾಂದ್ರ ಆರಿತು, ಸುಣ್ಣ ಚಕ್ಕೆ ಚಕ್ಕೆಯಾಗಿ ತಲೆಯ ಮೇಲೆ ಬಿತ್ತು, ಕಿಟಕಿಗಳು ತೆರೆದು ಮುಚ್ಚಿ ತೆರೆದವು. ಹೊಸಿಲಲ್ಲಿ ನನ್ನ ಮಗಳು ಕತ್ತು ಎಸೆದು, ಹುಕ್ ಎಂದು, ಕಾಲು ಕುಟ್ಟಿ, ಮತ್ತೆ ಕತ್ತು ಎಸೆಯುತ್ತಿದ್ದಳು. ಬೀದಿಯವರು ಬೇಲಿಯ ಹತ್ತಿರ ಬಂದು ನಿಂತದ್ದು ಕಂಡಿತು. ಅವರೊಳಗೆ ಸೊಂಟಕ್ಕೆ ಮಡಿ ಬಟ್ಟೆ ಸುತ್ತಿದ ನರಹರಯ್ಯನವರೂ ಇದ್ದರು.

"ಏನು ಹಾಗೆ ಬಾಯಿ ಬಿಟ್ಟುಕೊಂಡು ನೋಡ್ತೀರಿ?" ಅತ್ತೆ ಹಿತ್ತಿಲಿನಿಂದ ಕೂಗುತ್ತಿದ್ದರು. "ನಿಮ್ಮ ನಿಮ್ಮ ಮನೆಯಲ್ಲಿ ಬಾಗಿಲಿಲ್ಲವೇನು?"

ಯಜಮಾನರು ಹೊರಗೆ ಹೋಗಲಿಲ್ಲ. ಕತ್ತಲಲ್ಲಿ ಅವರ ಕೈ ನನ್ನ ಕೈಯ ಪಕ್ಕದಲ್ಲೇ ಗೋಡೆಯ ಮೇಲಿತ್ತು. ಅಂಗೈ ಕೆಳಗೆ ಗೋಡೆ ಇಳಿಯುತ್ತಿತ್ತು, ತುಂಬಿದ ಕೊಡವನ್ನು ತಲೆಯಿಂದ ಇಳಿಸಿದ ಮೇಲೆ ಹೆಂಗಸಿನ ಕತ್ತು ಇಳಿಯುವ ಹಾಗೆ, ಒಮ್ಮೆಗೇ ಅಲ್ಲ, ನಂಬಿಕೆಯಿಲ್ಲದೆ, ಮತ್ತೆ ಯಾರಾದರೂ ಹೊರಿಸಿಯಾರು ಎಂದು ಕಾಯುತ್ತ ಕಾಯುತ್ತ. ನಾವಿಬ್ಬರೂ ಕೈ ತೆಗೆಯಲಿಲ್ಲ. ಬಾಗಿಲುಗಳು ನಮ್ಮ ಮೊಣಕಾಲಿಗೆ ಬಡಿಯುತ್ತಲೇ ಇದ್ದವು.